ಒಂಬತ್ತು ರೂಪಾಯಿ ವ್ಯತ್ಯಾಸ

ಆ ಶನಿವಾರ ಮಧ್ಯಾಹ್ನ ನಾವು ನಾಲ್ಕು ಜನ ಇದ್ದೆವು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಒಂದು ಬೇಕರಿಯ ಮೇಲಿನ ಮಹಡಿ. ಅಲ್ಲೇ ನಮ್ಮ ಪತ್ತಿನ ಸಹಕಾರ ಸಂಘದ ಕಚೇರಿ. ಕೆಳಗಡೆ ಬನ್ನು ಬೇಯುವ ವಾಸನೆ ಎದ್ದರೆ ಮೇಲೆ ಸಭೆಯ ಕೋರಂ ಅಲುಗಾಡುತ್ತಿತ್ತು. ಮೇಜಿನ ಆ ತುದಿಯಲ್ಲಿ ಅಧ್ಯಕ್ಷರು. ಹೈಸ್ಕೂಲಿನ ಹೆಡ್‌ಮಾಸ್ಟರಾಗಿ ನಿವೃತ್ತರಾದವರು, ಹನುಮಂತನಗರದಿಂದ ನಡೆದೇ ಬರುತ್ತಿದ್ದರು, ಬಿರುಬೇಸಿಗೆಯಲ್ಲೂ ಕೈಯಲ್ಲಿ ಛತ್ರಿ. ಅವರ ಬಲಕ್ಕೆ ಕಾರ್ಯದರ್ಶಿಗಳು. ಬ್ಯಾಂಕಿನಿಂದ ಸ್ವಯಂನಿವೃತ್ತಿ ತೆಗೆದುಕೊಂಡು ಬಂದವರು, ಬಾಯಿ ತೆರೆಯುವ ಮೊದಲು ಕ್ಯಾಲ್ಕುಲೇಟರ್ ತೆರೆಯುವ ಜಾತಿ. ಎಡಕ್ಕೆ ನಡಾವಳಿ ಪುಸ್ತಕ ಬಿಚ್ಚಿಕೊಂಡು ಕೂತವರು ನಮ್ಮ ಕಚೇರಿಯ ಏಕೈಕ ಗುಮಾಸ್ತರು. ಗದಗದ ಕಡೆಯವರು, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದರು. ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು. ನಾಲ್ಕನೆಯವನು ನಾನು, ಸದಸ್ಯನಲ್ಲ, ಕಂಪ್ಯೂಟರ್ ಬಲ್ಲವನೆಂದು ಕಾರ್ಯದರ್ಶಿಗಳು ಕರೆಸಿದ್ದವನು. ನನ್ನ ಮುಂದೆ ಏನೂ ಇರಲಿಲ್ಲ, ಒಂದು ತಟ್ಟೆ ಖಾರಾ ಬಿಸ್ಕತ್ತು ಬಿಟ್ಟು. ಸಮಿತಿಯ ಉಳಿದ ಸದಸ್ಯರು ಎಂದಿನಂತೆ ಸಂಜೆ ಬಂದು ಸಹಿ ಹಾಕುವವರಿದ್ದರು.

ವಿಷಯ ಏನೆಂದರೆ, ಸಂಘದಲ್ಲಿ ಇದ್ದದ್ದು ಒಂದೇ ಕಂಪ್ಯೂಟರು, ಅದರಲ್ಲಿ ಇದ್ದದ್ದು ಒಂದೇ ಶೀಟು. ಮೇಡಂ ತಾವೇ ಕೂತು ಮಾಡಿದ ಸ್ಪ್ರೆಡ್‌ಶೀಟ್. ಇನ್ನೂರು ಚಿಲ್ಲರೆ ಸದಸ್ಯರ ಸಾಲ ಎಷ್ಟು, ಬಡ್ಡಿ ಎಷ್ಟು, ಎಷ್ಟು ತಿಂಗಳು, ತಿಂಗಳ ಕಂತು ಎಷ್ಟು ಎಂಬುದೆಲ್ಲ ಅದರಲ್ಲಿತ್ತು. ಹಿಂದಿನ ತಿಂಗಳು ಮೇಡಂ ರಜೆಯಲ್ಲಿದ್ದಾಗ ಕಾರ್ಯದರ್ಶಿಗಳು ಸದಸ್ಯರ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸೋಣವೆಂದು ಹೆಸರಿನ ಕಾಲಂ ಒಂದನ್ನು ಮಾತ್ರ ಹಿಡಿದು ಜೋಡಿಸಿಬಿಟ್ಟರು. ಹೆಸರುಗಳು ಸಾಲಾಗಿ ನಿಂತವು, ಸಾಲಗಳು ಇದ್ದಲ್ಲೇ ನಿಂತವು. ಯಾರದೋ ಮನೆ ರಿಪೇರಿ ಸಾಲ ಯಾರದೋ ಮಗಳ ಮದುವೆ ಸಾಲವಾಗಿ, ಸಿದ್ದಾಪುರದ ಒಬ್ಬ ಸಾತ್ವಿಕರು ತಾವು ಕೊಳ್ಳದ ಮೋಟರ್ ಬೈಕಿಗೆ ಕಂತು ಕಟ್ಟಬೇಕಾಗಿ ಬಂತು. ಮೇಡಂ ರಜೆಯಿಂದ ಬಂದು ಹಳೆ ಫ್ಲಾಪಿಯಿಂದ ಎಲ್ಲವನ್ನೂ ಸರಿ ಮಾಡಿದರು. ಆದರೆ ತಪ್ಪು ಮಾಡಿದವರು ಕಾರ್ಯದರ್ಶಿಗಳಾದ್ದರಿಂದ ಅಪರಾಧಿ ಶೀಟು ಎಂದು ತೀರ್ಮಾನವಾಯಿತು.

"ಶೀಟಿನ ಸಹವಾಸವೇ ಬೇಡ ಸಾರ್. ಡೇಟಾಬೇಸ್ ಮಾಡಿಸೋಣ. ಯಾರೂ ಮುಟ್ಟಕ್ಕಾಗಲ್ಲ," ಎಂದರು ಕಾರ್ಯದರ್ಶಿಗಳು.

"ಯಾರೂ ಅಂದ್ರೆ ನೀವೂ ಸೇರಿದ ಹಾಗೆ ತಾನೆ?" ಎಂದರು ಅಧ್ಯಕ್ಷರು.

ಆಗ ಎಲ್ಲರೂ ನನ್ನ ಕಡೆ ನೋಡಿದರು. ಜಯನಗರದಲ್ಲಿ ಇಡ್ಲಿ ಹೋಟೆಲಿಗಿಂತ ಕಂಪ್ಯೂಟರ್ ತರಬೇತಿ ಕೇಂದ್ರಗಳೇ ಹೆಚ್ಚಾಗಿದ್ದ ಕಾಲ ಅದು, ಹೊಸ ಶತಮಾನ ಹುಟ್ಟಿ ಒಂದೆರಡು ವರ್ಷವಾಗಿತ್ತು. ಅಂಥ ಒಂದು ಕೇಂದ್ರದಲ್ಲಿ ಆರು ತಿಂಗಳು ಡೇಟಾಬೇಸ್ ಕಲಿತು, ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿ, ಬನಶಂಕರಿಯ ನಮ್ಮ ಮನೆಯ ನಡುಮನೆಯಲ್ಲಿ ತಾತನ ಫೋಟೋ ಪಕ್ಕ ನೇತುಹಾಕಿದ್ದವನು ನಾನು. ತಾತನಿಗಿಂತ ಒಂದು ಗೇಣು ಮೇಲೆ. ನಮ್ಮ ಅಜ್ಜಿ ಅದನ್ನು ನೋಡಿ, "ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ, ನೀನು ಹಗಲಲ್ಲೇ ಹಿಡಿದಿದ್ದೀಯ," ಎಂದಿದ್ದಳು.

"ಒಂದು ತಿಂಗಳು ಕೊಡಿ ಸಾರ್," ಎಂದೆ. "ಶೀಟ್ ಮಾಡೋದೆಲ್ಲ ಒಂದು ಕ್ವೆರೀಲಿ ಬರುತ್ತೆ. ಒಂದು ಪ್ರಶ್ನೆ ಕೇಳಿದ್ರೆ ಇನ್ನೂರು ಉತ್ತರ."

"ಹಾಗಾದ್ರೆ ಬರ್ಕೊಳಿ ಮೇಡಂ," ಎಂದರು ಕಾರ್ಯದರ್ಶಿಗಳು. "ಮುಂದಿನ ಸಭೆ ಹೊತ್ತಿಗೆ ಪ್ರೋಗ್ರಾಮಿನ ಕಂತು, ಶೀಟಿನ ಕಂತು ರೂಪಾಯಿಗೆ ರೂಪಾಯಿ ತಾಳೆ ಆದ್ರೆ ಶೀಟು ನಿಲ್ಲಿಸೋದು. ಶೀಟು ನೋಡ್ಕೊಳ್ಳೋ ತಾತ್ಕಾಲಿಕ ಹುದ್ದೇನೂ ಅಲ್ಲಿಗೆ ಮುಕ್ತಾಯ."

ಆ ತಾತ್ಕಾಲಿಕ ಹುದ್ದೆ ಮೇಡಂ ಅವರದು. ಅವರು ತಮ್ಮ ಕೆಲಸ ಹೋಗುವ ಠರಾವನ್ನು ತಾವೇ ದುಂಡಾದ ಅಕ್ಷರದಲ್ಲಿ ಬರೆದು, ಕೊನೆಗೊಂದು ಚುಕ್ಕೆ ಇಟ್ಟು, ಪುಸ್ತಕವನ್ನು ಅಧ್ಯಕ್ಷರ ಸಹಿಗೆ ತಿರುಗಿಸಿದರು. ಅವರ ಯಜಮಾನರದು ಒಂದು ಖಾಸಗಿ ಆಫೀಸಿನಲ್ಲಿ ಸಣ್ಣ ಕೆಲಸ, ಇಬ್ಬರ ಸಂಬಳ ಸೇರಿದರೇನೇ ಬಿಟಿಎಂನ ಆ ಒಂದೂವರೆ ಕೋಣೆಯ ಬಾಡಿಗೆ ಹುಟ್ಟುತ್ತಿತ್ತು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಆ ಹೊತ್ತಿನಲ್ಲಿ ಮೂರನೇ ಬಿಸ್ಕತ್ತಿಗೆ ಕೈಹಾಕಿದೆ. ಬರೆಯಲು ಕೂತಾಗ ಇಂಥವನ್ನು ಮುಚ್ಚಿಡಬಾರದು.

ಸೋಮವಾರ ಕೌಂಟರಿನ ಪಕ್ಕದಲ್ಲೇ ನನಗೊಂದು ಮೇಜು ಹಾಕಿಕೊಟ್ಟರು. ಕೆಲಸ ಶುರುಮಾಡಿದ ಅರ್ಧ ಗಂಟೆಗೆ ಒಂದು ಸಂಗತಿ ತಿಳಿಯಿತು. ಶೀಟಿನಲ್ಲಿ ಕಂತು ಲೆಕ್ಕ ಹಾಕುವುದಕ್ಕೆ ಪಿಎಂಟಿ ಎಂಬ ಸಿದ್ಧ ಸೂತ್ರವಿದೆ. ಬಡ್ಡಿ, ತಿಂಗಳು, ಸಾಲ ಕೊಟ್ಟರೆ ಸಾಕು, ಹೋಟೆಲಿನ ಮಾಣಿಯ ಹಾಗೆ ಕಂತನ್ನು ತಂದು ಮುಂದಿಡುತ್ತದೆ. ನಮ್ಮ ಡೇಟಾಬೇಸಿನಲ್ಲಿ ಅಂಥ ಮಾಣಿಯೇ ಇಲ್ಲ. ಅಲ್ಲಿ ನಾವೇ ಒಲೆ ಹಚ್ಚಬೇಕು, ನಾವೇ ಹಿಟ್ಟು ರುಬ್ಬಬೇಕು. ಸರಿ, ಮೇಡಂ ಬರೆದ ಸೂತ್ರವನ್ನು ತೆರೆದು ನೋಡಿದೆ. ಬಡ್ಡಿ ಇತ್ತು, ತಿಂಗಳು ಇತ್ತು, ಸಾಲ ಇತ್ತು. ಕಡೆಯಲ್ಲಿ ಒಂದು ಸೊನ್ನೆ, ಅದರ ಪಕ್ಕ ಒಂದು ಒಂದು. ಈ ಎರಡು ಯಾಕೆ ಎಂದು ಮೇಡಂ ಅವರನ್ನು ಕೇಳಬಹುದಿತ್ತು, ಅವರು ನನ್ನಿಂದ ಮೂರು ಅಡಿ ದೂರದಲ್ಲಿದ್ದರು. ಕೇಳಲಿಲ್ಲ. ಒಗ್ಗರಣೆಯ ಕರಿಬೇವನ್ನು ತಟ್ಟೆಯ ಅಂಚಿಗೆ ಸರಿಸುವ ಹಾಗೆ ಆ ಎರಡನ್ನು ಸರಿಸಿದೆ.

ಪಿಯುಸಿಯ ಹಳೇ ಲೆಕ್ಕದ ಪುಸ್ತಕ ಹುಡುಕಿ ತೆಗೆದು ಕಂತಿನ ಸೂತ್ರವನ್ನು ಕ್ವೆರಿಯಾಗಿ ಬರೆದೆ. ಮೊದಲ ಸಲ ಓಡಿಸಿದಾಗ ಪರದೆಯ ಮೇಲೆ, ಸೊನ್ನೆಯಿಂದ ಭಾಗಿಸಲಾಗದು ಎಂಬ ಅರ್ಥದ ಕೆಂಪು ಸಾಲು ಬಂತು. ನಾನೆಲ್ಲಿ ಸೊನ್ನೆಯಿಂದ ಭಾಗಿಸಿದೆ ಎಂದು ಎರಡು ದಿನ ಹುಡುಕಿದೆ. ಕೊನೆಗೆ ತಿಳಿದದ್ದು ಇಷ್ಟು: ವರ್ಷಕ್ಕೆ ಹನ್ನೆರಡು ಪರ್ಸೆಂಟ್ ಬಡ್ಡಿಯನ್ನು ತಿಂಗಳಿಗೆ ತರಲು ಹನ್ನೆರಡನ್ನು ಸಾವಿರದ ಇನ್ನೂರರಿಂದ ಭಾಗಿಸಿದ್ದೆ. ಎರಡೂ ಪೂರ್ಣಾಂಕ. ಪೂರ್ಣಾಂಕ ಕೊಟ್ಟರೆ ಯಂತ್ರ ಪೂರ್ಣಾಂಕವನ್ನೇ ಹಿಂದಿರುಗಿಸುತ್ತದೆ, ಚಿಲ್ಲರೆಯನ್ನು ಕಂಡಕ್ಟರ್ ಹಾಗೆ ಜೇಬಿಗೆ ಹಾಕಿಕೊಳ್ಳುತ್ತದೆ. ಬಡ್ಡಿ ಸೊನ್ನೆಯಾಗಿತ್ತು. ಸಾವಿರದ ಇನ್ನೂರರ ಮುಂದೆ ಒಂದು ಚುಕ್ಕೆ, ಒಂದು ಸೊನ್ನೆ ಇಟ್ಟೆ. ಕಂತುಗಳು ಬಂದವು. ಒಂದು ಪ್ರಶ್ನೆಗೆ ಇನ್ನೂರು ಉತ್ತರ. ಎದೆಯುಬ್ಬಿಸಿಕೊಂಡು ಮೇಡಂ ಅವರ ಶೀಟಿನ ಪಕ್ಕ ಇಟ್ಟು ನೋಡಿದೆ.

ಹತ್ತು ಸಾವಿರ ಸಾಲ, ಹನ್ನೆರಡು ತಿಂಗಳು, ಹನ್ನೆರಡು ಪರ್ಸೆಂಟು. ಶೀಟಿನಲ್ಲಿ ಎಂಟುನೂರ ಎಂಬತ್ತು. ನನ್ನದರಲ್ಲಿ ಎಂಟುನೂರ ಎಂಬತ್ತೊಂಬತ್ತು.

ಇನ್ನೊಂದು ನೋಡಿದೆ. ಇಪ್ಪತ್ತೈದು ಸಾವಿರ, ಎರಡು ವರ್ಷ. ಅಲ್ಲಿ ಹನ್ನೊಂದು ರೂಪಾಯಿ ವ್ಯತ್ಯಾಸ. ಕೆಳಗಿಳಿಯುತ್ತ ಹೋದೆ. ಎಲ್ಲ ಕಡೆ ನನ್ನದೇ ಹೆಚ್ಚು. ಮೂರು ಸಾಲಗಳು ಮಾತ್ರ ರೂಪಾಯಿಗೆ ರೂಪಾಯಿ ತಾಳೆಯಾಗಿದ್ದವು.

ಬುದ್ಧಿಯಿದ್ದವನು ಇಲ್ಲಿ ನಿಂತು ಯೋಚಿಸುತ್ತಿದ್ದ. ಹನ್ನೆರಡು ಪರ್ಸೆಂಟಿನ ಸಾಲಗಳಲ್ಲೆಲ್ಲ ವ್ಯತ್ಯಾಸ ಸುಮಾರು ನೂರಕ್ಕೆ ಒಂದರಂತೆ, ಅಂದರೆ ಸರಿಯಾಗಿ ಒಂದು ತಿಂಗಳ ಬಡ್ಡಿಯ ದರದಲ್ಲಿ ಇತ್ತು. ಪೈಸೆಗಳನ್ನು ಮೇಲಿನ ರೂಪಾಯಿಗೆ ಏರಿಸುವ ಸಂಘದ ಪದ್ಧತಿಯಿಂದ ಅದು ಸ್ವಲ್ಪ ಮಸುಕಾಗಿತ್ತು, ನಿಜ. ಆದರೂ ಮಸುಕಿನಲ್ಲಿ ಆನೆ ಕಾಣದಿರುವುದಕ್ಕೂ ಒಂದು ಸಾಧನೆ ಬೇಕು. ನಾನು ಅಧಿಕ ವರ್ಷವನ್ನು ಅನುಮಾನಿಸಿದೆ. ತಿಂಗಳಿಗೆ ಮೂವತ್ತು ದಿನವೋ ಮೂವತ್ತೊಂದೋ ಎಂದು ಅನುಮಾನಿಸಿದೆ. ಯಂತ್ರದ ಗುಣಾಕಾರವನ್ನೇ ಅನುಮಾನಿಸಿ ಒಂದು ಇಡೀ ಗುರುವಾರ ಹಾಳೆಯ ಮೇಲೆ ಒಂದು ಬಿಂದು ಸೊನ್ನೆ ಒಂದನ್ನು ಅದರಿಂದಲೇ ಹನ್ನೆರಡು ಸಲ ಗುಣಿಸಿದೆ. ಯಂತ್ರವೇ ಸರಿ, ನಾನೇ ಏಳನೇ ಸಲದಲ್ಲಿ ತಪ್ಪಿದ್ದೆ.

ಆ ಗುರುವಾರದ ಮಾತು ಬಂದಾಗ ಇದನ್ನೂ ಹೇಳಬೇಕು. ಸೋಮವಾರ, ಗುರುವಾರ ಸಂಘದಲ್ಲಿ ಸಾಲ ಬಟವಾಡೆ. ನನ್ನ ಮೊಣಕೈ ಪಕ್ಕದಲ್ಲೇ ಅದು ನಡೆಯುತ್ತಿತ್ತು. ಸದಸ್ಯರು ಬಂದು ಸಹಿ ಹಾಕಿ, ಹಣ ಎಣಿಸಿಕೊಂಡು, ಅದರಲ್ಲೇ ಒಂದಿಷ್ಟನ್ನು ಮತ್ತೆ ಎಣಿಸಿ ಮೇಡಂ ಕೈಗೆ ಹಿಂದಿರುಗಿಸಿ, ರಸೀದಿ ತೆಗೆದುಕೊಳ್ಳುತ್ತಿದ್ದರು. ಗಣಪತಿ ಪಟದ ಕೆಳಗೊಂದು ಸ್ಟೀಲ್ ಡಬ್ಬಿ. ಮೇಡಂ ಅದರಿಂದ ಕಲ್ಲುಸಕ್ಕರೆ ತೆಗೆದು ಕೊಡುತ್ತಿದ್ದರು, ಸದಸ್ಯರಿಗೊಂದು ಚೂರು, ಪಕ್ಕದಲ್ಲಿದ್ದ ತಪ್ಪಿಗೆ ನನಗೊಂದು ಚೂರು. ಆ ಹಿಂದಿರುಗಿಸುವ ಹಣ ಷೇರಿನದೋ ಮತ್ತೊಂದರದೋ ಇರಬೇಕೆಂದುಕೊಂಡು ನಾನು ಕಲ್ಲುಸಕ್ಕರೆ ಕಡಿಯುತ್ತ ಅಧಿಕ ವರ್ಷದ ಬಗ್ಗೆ ಚಿಂತಿಸುತ್ತಿದ್ದೆ.

"ಏನ್ರಿ ಸರ, ಸಿಕ್ಕತೇನ್ರಿ?" ಎಂದು ಮೇಡಂ ದಿನಕ್ಕೊಂದು ಸಲ ಕೇಳುತ್ತಿದ್ದರು.

"ಸಿಗುತ್ತೆ ಮೇಡಂ. ನಿಮ್ಮ ಶೀಟಲ್ಲೇ ಎಲ್ಲೋ ಎಡವಟ್ಟಾಗಿದೆ ಅನ್ಸುತ್ತೆ."

"ಹೌದೇನ್ರಿ? ಇರಬಹುದ್ರಿ," ಎಂದು ಅವರು ರಸೀದಿ ಪುಸ್ತಕದ ಕಾರ್ಬನ್ ಬದಲಿಸುತ್ತಿದ್ದರು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಅಜ್ಜಿ ನನಗೆ ಮಗ್ಗಿಗಿಂತ ಮೊದಲು ಕಲಿಸಿದ್ದಳು. ಆದರೆ ಸರ್ಟಿಫಿಕೇಟು ಇರುವವನು ಗುಮಾಸ್ತರನ್ನು ಕೇಳುವುದೆಂದರೇನು. ಅದೂ ಅಲ್ಲದೆ ಒಳಗೆಲ್ಲೋ ಒಂದು ಮುಜುಗರ. ಅವರ ಕೆಲಸ ಕೀಳುವ ಗುದ್ದಲಿಗೆ ಅವರಿಂದಲೇ ಹಿಡಿ ಕೇಳಿದ ಹಾಗಾಗುತ್ತದಲ್ಲ ಎಂದು. ಆ ಮುಜುಗರವನ್ನು ನಾನು ಸ್ವಾಭಿಮಾನವೆಂದು ಕರೆದುಕೊಂಡೆ.

ತಿಂಗಳು ಮುಗಿಯುತ್ತ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ನೆಲವನ್ನು ಆರಿಸಿಕೊಂಡೆ. ನನ್ನ ತರ್ಕ ಹೀಗಿತ್ತು: ಮೂರು ಸಾಲ ತಾಳೆಯಾಗಿವೆ. ಆದ್ದರಿಂದ ನನ್ನ ಕ್ವೆರಿ ಸರಿ. ಮೇಡಂ ಆ ಮೂರನ್ನು ಸರಿ ಮಾಡಿ ಉಳಿದ ಇನ್ನೂರನ್ನು ತಪ್ಪು ಮಾಡಿದ್ದಾರೆ. ಇನ್ನೂರು ಸಲ ಒಂದೇ ತಪ್ಪನ್ನು ಅಷ್ಟು ಅಚ್ಚುಕಟ್ಟಾಗಿ ಯಾರು ಮಾಡುತ್ತಾರೆ ಎಂಬ ಪ್ರಶ್ನೆ ನನ್ನ ಹತ್ತಿರ ಸುಳಿಯಲಿಲ್ಲ.

ಶನಿವಾರದ ಸಭೆಗೆ ಅದೇ ನಾಲ್ಕು ಜನ, ಅದೇ ಬಿಸ್ಕತ್ತು. ನಾನು ಎದ್ದು ನಿಂತೆ. ನಿಲ್ಲಬೇಕೆಂದು ಯಾರೂ ಹೇಳಿರಲಿಲ್ಲ.

"ಸಾರ್, ಒಂದು ಗಂಭೀರ ವಿಷಯ. ಶೀಟ್ ತಪ್ಪಿದೆ. ಹತ್ತು ಸಾವಿರ ಸಾಲಕ್ಕೆ ತಿಂಗಳಿಗೆ ಒಂಬತ್ತು ರೂಪಾಯಿ ಕಮ್ಮಿ ತಗೋತಿದ್ದೀವಿ. ಎಲ್ಲರ ಹತ್ರಾನೂ. ಶೀಟ್ ಮಾಡಿದಾಗಿಂದ."

ಕಾರ್ಯದರ್ಶಿಗಳ ಕ್ಯಾಲ್ಕುಲೇಟರ್ ಹೊರಬಂತು. ಒಂಬತ್ತು, ಇನ್ನೂರು, ಹನ್ನೆರಡು ತಿಂಗಳು, ವರ್ಷಗಳು. ಅವರ ಹುಬ್ಬು ಒಂದೊಂದು ಗುಂಡಿಗೂ ಒಂದೊಂದು ಎಳೆ ಮೇಲೇರಿತು. "ಏನು ಮೇಡಂ ಇದು? ಸಂಘಕ್ಕೆ ಇಷ್ಟು ನಷ್ಟ ಆಗಿದ್ರೆ ಯಾರು ಜವಾಬ್ದಾರಿ? ಸುಮ್ನೆ ಕೆಲಸ ಬಿಟ್ಟು ಹೋದ್ರೆ ಮುಗಿಯೋ ವಿಷಯ ಅಲ್ಲ ಇದು."

ಕೆಲಸ ಹೋಗುವುದು ಒಂದು, ಕಳಂಕ ಹೊತ್ತು ಹೋಗುವುದು ಇನ್ನೊಂದು. ಇಲ್ಲಿ ಬೆಂಕಿ ಹಚ್ಚಿದವನು ನಾನು, ಕೈಯಲ್ಲಿ ಬಿಸ್ಕತ್ತು ಹಿಡಿದುಕೊಂಡು ನಿಂತಿದ್ದೆ.

ಅಧ್ಯಕ್ಷರು ಛತ್ರಿಯ ಹಿಡಿಯ ಮೇಲೆ ಎರಡೂ ಕೈ ಇಟ್ಟು, "ನೀನು ಹೇಳಮ್ಮ," ಎಂದರು.

ಮೇಡಂ ಪೆನ್ನಿಗೆ ಕ್ಯಾಪು ಹಾಕಿದರು. "ಸರ, ನಾವು ಸಾಲಾ ಕೊಟ್ಟ ದಿನಾನ ಮೊದಲನೇ ಕಂತು ಕಟ್ಟಿಸ್ಕೊಂತೀವಲ್ರಿ. ಬ್ಯಾರೆ ಕಡೆ ತಿಂಗಳಾದ ಮ್ಯಾಲೆ ಕಟ್ಟತಾರ. ನಮ್ಮ ಮಂದಿ ಪ್ರತಿ ಕಂತೂ ಒಂದು ತಿಂಗಳು ಮೊದಲ ಕಟ್ಟಿದಂಗಾತು. ಅಷ್ಟು ಬಡ್ಡಿ ಕಡಿಮಿ ಆಗಬೇಕಲ್ರಿ ಅವರಿಗೆ? ಅದಕ್ಕ ಸೂತ್ರದ ಕಡೀಕ ಒಂದು ಹಾಕೇನ್ರಿ. ಒಂದು ಅಂದ್ರ ತಿಂಗಳ ಶುರುವಿಗೆ ಕಟ್ಟೂದು. ಸೊನ್ನಿ ಅಂದ್ರ ತಿಂಗಳ ಕೊನೀಗೆ."

ಎದ್ದು ಹೋಗಿ ಕಂಪ್ಯೂಟರಿನಲ್ಲಿ ಶೀಟು ತೆರೆದು, ಹತ್ತು ಸಾವಿರದ ಸಾಲದ ಮುಂದೆ ಆ ಕೊನೆಯ ಒಂದನ್ನು ಅಳಿಸಿ ಸೊನ್ನೆ ಒತ್ತಿದರು. ಎಂಟುನೂರ ಎಂಬತ್ತು ಇದ್ದದ್ದು ಎಂಟುನೂರ ಎಂಬತ್ತೊಂಬತ್ತಾಯಿತು. ಮತ್ತೆ ಒಂದು ಒತ್ತಿದರು. ಎಂಬತ್ತು. ಮಕ್ಕಳಿಗೆ ಲೈಟಿನ ಸ್ವಿಚ್ಚು ತೋರಿಸಿದ ಹಾಗೆ.

ಕಾರ್ಯದರ್ಶಿಗಳು ಕ್ಯಾಲ್ಕುಲೇಟರನ್ನು ಚೀಲದೊಳಗೆ ಇಳಿಸಿದರು. ಅಧ್ಯಕ್ಷರು ನನ್ನ ಕಡೆ ತಿರುಗಿದರು. ಸಾಲ ತೆಗೆದುಕೊಂಡ ದಿನವೇ ತೀರಿಸಲು ಶುರುಮಾಡಿದವನು ಮರೆಯುವುದಿಲ್ಲ ಎಂದು, ಸಂಘ ಹುಟ್ಟಿದಾಗ ಆ ಪದ್ಧತಿ ಹಾಕಿದವರೇ ಅವರು.

"ಏನಪ್ಪಾ, ಒಂದು ತಿಂಗಳು ಕೌಂಟರ್ ಪಕ್ಕಾನೇ ಕೂತಿದ್ದೆ. ಜನ ಹಣ ವಾಪಸ್ ಎಣಿಸಿ ಕೊಡೋದು ಕಾಣ್ಲಿಲ್ವಾ?"

"ಕಂಡಿತು ಸಾರ್."

"ಕಲ್ಲುಸಕ್ಕರೆ?"

"ತಿಂದೆ ಸಾರ್."

"ಕೂತ್ಕೋ," ಎಂದರು. ಆಗಲೇ ಗೊತ್ತಾದದ್ದು, ನಾನಿನ್ನೂ ನಿಂತೇ ಇದ್ದೆನೆಂದು. ಸಭೆಯನ್ನು ಎರಡು ದಿನ ಮುಂದೂಡಿದರು.

ಅವರಿಬ್ಬರೂ ಇಳಿದುಹೋದ ಮೇಲೆ ಮೇಡಂ ಅವರನ್ನು ಕೇಳಿದೆ. "ಮೊದಲೇ ಹೇಳಬಹುದಿತ್ತಲ್ಲ ಮೇಡಂ?"

"ನೀವು ಕೇಳಲಿಲ್ರಿ."

"ಕೇಳಿದ್ರೆ ಹೇಳ್ತಿದ್ರಾ?"

"ಹೇಳತಿದ್ದೆ. ಕೇಳಿದವರಿಗೆ ಸುಳ್ಳು ಹೇಳಾಕ ಬರೂದಿಲ್ರಿ ನನಗ. ಆದ್ರ ನಾನಾಗೇ ಹೇಳಿ ನನ್ನ ಕೆಲಸಾ ನಾನ ಕಳಕೊಳ್ಳಾಕ ನಾನೇನು ಹುಚ್ಚಿ ಏನ್ರಿ?" ಎಂದು ಡಬ್ಬಿಯ ಮುಚ್ಚಳ ಹಾಕಿದರು. ಅವತ್ತು ನನಗೆ ಕಲ್ಲುಸಕ್ಕರೆ ಸಿಗಲಿಲ್ಲ.

ಸೋಮವಾರ ಬೆಳಿಗ್ಗೆ ತಿದ್ದಿದೆ. ಒಂದು ತಿಂಗಳು ಹೊಡೆದಾಡಿದ ಸಮಸ್ಯೆಗೆ ಬೇಕಾದದ್ದು ಇನ್ನೊಂದೇ ಭಾಗಾಕಾರ, ತಿಂಗಳ ಬಡ್ಡಿ ದರಕ್ಕೆ ಒಂದು ಕೂಡಿಸಿ, ಅದರಿಂದ ಕಂತನ್ನು ಭಾಗಿಸುವುದು. ಓಡಿಸಿದೆ. ಇನ್ನೂರೂ ತಾಳೆಯಾದವು. ಮೂರನ್ನು ಬಿಟ್ಟು. ನನ್ನ ತಪ್ಪಿಗೆ ಸಾಕ್ಷಿ ಹೇಳಿದ್ದ ಅದೇ ಮೂರು, ಈಗ ನಾನು ಸರಿಯಾದ ಮೇಲೆ ತಿರುಗಿಬಿದ್ದಿದ್ದವು.

ಈ ಸಲ ಕುರ್ಚಿಯನ್ನು ಎಳೆದುಕೊಂಡು ಮೇಡಂ ಹತ್ತಿರ ಹೋದೆ. "ಮೇಡಂ, ಕೇಳ್ತಿದ್ದೀನಿ. ಈ ಮೂರು ಯಾಕೆ ಹೀಗೆ?"

ಅವರು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. "ಅವು ದವಾಖಾನಿ ಸಾಲ ರಿ. ದವಾಖಾನಿಗೆ ಅಂತ ಬಂದವರ ಕೈಯಾಗಿಂದ ಅವತ್ತ ಕಂತು ಹಿಡೀಬ್ಯಾಡ ಅಂತ ಅಧ್ಯಕ್ಷರು ಹೇಳ್ಯಾರ. ಅವರಿಗೆ ತಿಂಗಳಾದ ಮ್ಯಾಲೆ. ಅದಕ್ಕ ಆ ಮೂರಕ್ಕ ಸೊನ್ನಿ."

"ಇದು ಅರ್ಜೀಲಿ ಬರ್ದಿರುತ್ತಾ?"

"ಒಬ್ಬೊಬ್ರು ಬರೀತಾರ, ಒಬ್ಬೊಬ್ರು ಬರಿಯಂಗಿಲ್ರಿ. ಮಾರಿ ನೋಡಿ ಕೇಳಬೇಕು."

ಕ್ವೆರಿಗೆ ಮುಖ ನೋಡಲು ಬರುವುದಿಲ್ಲ. ಡೇಟಾಬೇಸಿನಲ್ಲಿ ಒಂದು ಹೊಸ ಕಾಲಂ ಸೇರಿಸಿದೆ, ಸೊನ್ನೆ ಅಥವಾ ಒಂದು. ಮುಂದೂಡಿದ ಸಭೆ ಸೇರಿತು. ಎಲ್ಲ ತಾಳೆಯಾಗಿದೆ ಎಂದು ಕಾಗದಗಳನ್ನು ಹರಡಿ, ಈ ಸಲ ಕೂತುಕೊಂಡೇ ಒಂದು ಮಾತು ಸೇರಿಸಿದೆ. "ಆದ್ರೆ ಸಾರ್, ಆ ಕಾಲಂನಲ್ಲಿ ಯಾರಿಗೆ ಏನು ಹಾಕ್ಬೇಕು ಅಂತ ಪ್ರೋಗ್ರಾಮಿಗೆ ಗೊತ್ತಾಗಲ್ಲ. ನನಗೂ ಗೊತ್ತಾಗಲ್ಲ. ಮೇಡಂಗೆ ಗೊತ್ತಾಗುತ್ತೆ. ಅವರಿಲ್ದೇ ಇದನ್ನ ನಡೆಸೋಕಾಗಲ್ಲ."

ಇದನ್ನು ದೊಡ್ಡ ಮನಸ್ಸಿನಿಂದ ಹೇಳಿದೆನೆಂದು ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ. ಅರ್ಧ ಅದು ಹೆದರಿಕೆ. ಅವರು ಹೋದರೆ ಸದಸ್ಯರಿಗೆ ಉತ್ತರ ಹೇಳಲು ಆ ಕೌಂಟರಿನಲ್ಲಿ ನಾನೇ ಕೂರಬೇಕಾಗುತ್ತಿತ್ತು.

"ಶೀಟು ನಿಲ್ಲಿಸಿದ್ರೆ ಹುದ್ದೆ ಮುಕ್ತಾಯ ಅಂತ ಠರಾವಾಗಿದೆಯಲ್ಲ," ಎಂದರು ಕಾರ್ಯದರ್ಶಿಗಳು.

"ಹಾಗಾದ್ರೆ ಶೀಟು ನಿಲ್ಲಿಸೋದು ಬೇಡ," ಎಂದರು ಅಧ್ಯಕ್ಷರು. "ಪ್ರೋಗ್ರಾಮು ನಡೀಲಿ. ಪ್ರತಿ ತಿಂಗಳೂ ಅದು ಹೇಳಿದ್ದನ್ನ ಈಯಮ್ಮ ಶೀಟಲ್ಲಿ ತಾಳೆ ನೋಡ್ಲಿ. ಬುದ್ಧಿವಂತರು ಕೈಯಾಡಿಸಿದ ಮೇಲೆ ಯಾರಾದ್ರೂ ನೋಡ್ಬೇಕಲ್ಲ. ಬರ್ಕೋಮ್ಮ." ಬುದ್ಧಿವಂತರು ಎಂದಾಗ ಅವರು ನಮ್ಮಿಬ್ಬರನ್ನೂ ಸಮನಾಗಿ ನೋಡಿದರು, ಕಾರ್ಯದರ್ಶಿಗಳನ್ನು ಮತ್ತು ನನ್ನನ್ನು. ಮೇಡಂ ಅದೇ ದುಂಡಾದ ಅಕ್ಷರದಲ್ಲಿ ಬರೆದುಕೊಂಡರು.

ಎರಡು ವರ್ಷದ ಮೇಲೆ ನಾನೂ ಸಂಘದ ಸದಸ್ಯನಾಗಿ, ಒಂದು ಹಳೇ ಸ್ಕೂಟರ್ ಕೊಳ್ಳಲು ಹತ್ತು ಸಾವಿರ ಸಾಲಕ್ಕೆ ಅರ್ಜಿ ಹಾಕಿದೆ. ಗುರುವಾರ ಬಟವಾಡೆ. ಕೌಂಟರಿನಲ್ಲಿ ಮೇಡಂ ಇದ್ದರು. ಆ ವರ್ಷದ ಯುಗಾದಿಗೆ ಅವರ ಹುದ್ದೆ ಕಾಯಂ ಆಗಿತ್ತು. ಅವರು ಅರ್ಜಿ ನೋಡಿ, ಒಂದು ಗಳಿಗೆ ನನ್ನ ಮುಖವನ್ನೂ ನೋಡಿ, ಆ ಕಾಲಂನಲ್ಲಿ ಒಂದು ಎಂದು ಒತ್ತಿದರು. ಹತ್ತು ಸಾವಿರ ಎಣಿಸಿಕೊಂಡೆ. ಅದರಲ್ಲಿ ಎಂಟುನೂರ ಎಂಬತ್ತನ್ನು ಎಣಿಸಿ ಅವರ ಕೈಗೆ ಕೊಟ್ಟೆ. ಅವರು ರಸೀದಿ ಹರಿದುಕೊಟ್ಟು, ಡಬ್ಬಿ ತೆರೆದು ಒಂದು ಚೂರು ಕಲ್ಲುಸಕ್ಕರೆ ನನ್ನ ಅಂಗೈಗೆ ಹಾಕಿದರು. ಅದನ್ನು ಬಾಯಿಗೆ ಹಾಕಿಕೊಂಡು ಮೆಟ್ಟಿಲಿಳಿದು, ಬನಶಂಕರಿ ಬಸ್ಸಿಗೆ ನಿಂತೆ.